ಪೆಟ್ಟಿಗೆಗೆ ಹೇಳಿದ್ದು

ಆ ಬೀದಿಯ ತುದಿಯಲ್ಲಿ ಒಂದು ಲಾಂಡ್ರಿ. ಅದನ್ನು ನಡೆಸುವವಳಿಗೆ ಬೀದಿಯವರು ಇಟ್ಟ ಹೆಸರು ಅನುಮಾನದಕ್ಕ. ಹೆಸರು ಸುಮ್ಮನೆ ಬಂದದ್ದಲ್ಲ. ಗಡಿಯಾರ ರಿಪೇರಿಯವನು "ಸರಿಹೋಯ್ತು, ತಗೊಂಡು ಹೋಗಿ" ಎಂದರೆ ಅಲ್ಲೇ ಸ್ಟೂಲು ಎಳೆದು ಕೂತು, ಮುಳ್ಳು ಒಂದು ಸುತ್ತು ಬರುವುದನ್ನು ಕಣ್ಣಾರೆ ನೋಡಿಯೇ ಏಳುವವಳು ಅವಳು. ತಾನೇ ಹಾಕಿದ ಬೀಗವನ್ನು ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಜಗ್ಗಿ ನೋಡುವಳು. "ನಮ್ಮ ಮದುವೆ ಆಗಿದೆ ಅನ್ನೋದನ್ನಾದ್ರೂ ನಂಬ್ತೀಯೋ ಇಲ್ವೋ?" ಎಂದು ಗಂಡ ಛೇಡಿಸಿದರೆ, "ಫೋಟೋ ಇದೆಯಲ್ಲ" ಎನ್ನುವಳು, ಇಸ್ತ್ರಿಯಿಂದ ಕಣ್ಣೆತ್ತದೆ.

ಇಂಥವಳಿಗೆ ಹೇಳಿ ಮಾಡಿಸಿದ ಹಾಗೆ ಪ್ರಾಂತ್ಯದ ಸರ್ಕಾರ ಒಂದು ವ್ಯವಸ್ಥೆ ತಂದಿತು. ಸರ್ಕಾರ ಯಾವುದಕ್ಕೆ, ಯಾರ ಕೈಗೆ, ಯಾಕೆ ದುಡ್ಡು ಕೊಡುತ್ತದೆ ಎನ್ನುವುದೆಲ್ಲ ಇನ್ನು ಮುಂದೆ ಜನರ ಫೋನಿನಲ್ಲೇ ಕಾಣುತ್ತದೆ, ಜನರೇ ನೋಡಿ ಒಪ್ಪಬೇಕು ಎಂದು ಡಂಗುರ ಹೊಡೆಸಿದರು. ಹಾಗೆ ಕಾಣಿಸಿದವುಗಳಲ್ಲಿ ಒಂದು, ಒಂಟಿಯಾಗಿರುವ ವಯಸ್ಸಾದವರ ಮನೆಗೆ ದಿನಾ ಒಬ್ಬರು ಹೋಗಿ ನೋಡಿಕೊಂಡು ಬರುವ ಕೆಲಸ. ಅದನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಹೋದದ್ದು ನಿಜವೋ ಸುಳ್ಳೋ ತಿಳಿಯಬೇಡವೇ? ಅದಕ್ಕೆ ಪ್ರತಿ ಮನೆಯ ಒಳಗೆ, ಬಾಗಿಲ ಪಕ್ಕದಲ್ಲಿ ಒಂದು ಪುಟ್ಟ ಬಿಳಿ ಪೆಟ್ಟಿಗೆ ಜಡಿದರು. ನೋಡಿಕೊಳ್ಳುವವರು ಬಂದು ಹೋದ ಮೇಲೆ ಮುದುಕರು ಅದರ ಗುಂಡಿ ಒತ್ತಿ, ಬಂದಿದ್ದರೋ ಇಲ್ಲವೋ ಬಾಯಿಬಿಟ್ಟು ಹೇಳಬೇಕು. ಆ ದನಿ ಮನೆಯ ನಂಬರಿನ ಜೊತೆಗೆ ಎಲ್ಲರೂ ಕೇಳುವ ಹಾಗೆ ಫೋನಿಗೆ ಬರುತ್ತದೆ. ಬಿಡುವಿದ್ದ ಊರ ಜನ ಅದನ್ನು ಕೇಳಿ, ಕೆಳಗಿರುವ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಸರಿ, ಇಲ್ಲವೇ ಸಂದೇಹ. 'ಸರಿ' ಬಿದ್ದರೆ ಆ ದಿನದ ದುಡ್ಡು ಕಂಪನಿಗೆ, ಇಲ್ಲದಿದ್ದರೆ ಇಲ್ಲ. ಹೀಗೆ ಕೇಳಲು ಮುಂದೆ ಬಂದ ಜನರಿಗೆ 'ಕೇಳುಗರು' ಎಂದು ಹೆಸರು.

ಅನುಮಾನದಕ್ಕ ಮೊದಲ ದಿನವೇ ಕೇಳುಗರ ಸಾಲಿಗೆ ಸೇರಿದಳು. ಮಧ್ಯಾಹ್ನ ಮೆಷೀನಿಗೆ ಬಟ್ಟೆ ತುಂಬಿ, ಡ್ರಮ್ಮು ತಿರುಗತೊಡಗಿದರೆ ಫೋನು ಕಿವಿಗೆ. ಸರ್ಕಾರದ ಖರ್ಚನ್ನು ತಾನು ಕೂತಲ್ಲಿಂದಲೇ ಕಾಯುತ್ತಿದ್ದೇನೆ ಎಂಬ ಜಂಬವೂ ಸ್ವಲ್ಪ ಬಂತು ಅನ್ನಿ. ಗಿರಾಕಿಗಳು ಕೋಟು ಕೇಳಿಕೊಂಡು ಬಂದರೆ ಬೆರಳೆತ್ತಿ ನಿಲ್ಲಿಸುವಳು, ದನಿ ಮುಗಿಯುವ ತನಕ ಕಾಯಲೇಬೇಕು.

ಊರಿನ ಆಚೆ ತುದಿಯಲ್ಲಿ ಅವಳ ಅಕ್ಕ ಇದ್ದಳು. ತಾಯಿ ಹೋದ ಮೇಲೆ ಇವಳನ್ನು ಸಾಕಿ ದೊಡ್ಡವಳು ಮಾಡಿದ ಅಕ್ಕ. ಮದುವೆಯಾಗಲಿಲ್ಲ. ಆಯುಷ್ಯವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಊರವರ ಮಾತು ಊರವರಿಗೆ ಮುಟ್ಟಿಸಿ, ಕೊನೆಗೆ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಬಂದು ಕೂತಿದ್ದಳು. ಕೆಲಸ ಬಿಟ್ಟರೂ ಕೆಲಸದ ಚಾಳಿ ಅವಳನ್ನು ಬಿಡಲಿಲ್ಲ. ಏನೇ ಹೇಳುವ ಮೊದಲು "ಕೇಳಿಸ್ತಿದೆಯಾ?" ಎನ್ನಲೇಬೇಕು. ಎದುರಿಗೇ ಕೂತವರಿಗೂ ಅದೇ. ಹೇಳಿ ಮುಗಿಸಿದ ಮೇಲೂ ಒಂದು ಸಲ "ಕೇಳಿಸ್ತಿದೆಯಾ?". ಆ ಕಡೆಯಿಂದ "ಕೇಳಿಸ್ತು" ಎಂದು ಬರುವ ತನಕ ಅವಳು ಫೋನು ಇಡುತ್ತಿರಲಿಲ್ಲ, ಇದ್ದ ಜಾಗದಿಂದ ಅಲ್ಲಾಡುತ್ತಲೂ ಇರಲಿಲ್ಲ. ಇವಳು ಚಿಕ್ಕವಳಿದ್ದಾಗ ಹಟಕ್ಕೆ ಬಾಯಿ ಬಿಗಿದು ಕೂತರೆ ಅಕ್ಕ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತಿರುತ್ತಿದ್ದಳು. ಕೊನೆಗೆ ಸೋಲುತ್ತಿದ್ದುದು ಇವಳೇ. ಅನುಮಾನದಕ್ಕನನ್ನು 'ಪುಟ್ಟಿ' ಎಂದು ಕರೆಯಲು ಭೂಮಿಯ ಮೇಲೆ ಉಳಿದಿದ್ದವಳು ಅಕ್ಕ ಒಬ್ಬಳೇ.

ಅಕ್ಕನ ಹೆಸರನ್ನು ಆ ಯೋಜನೆಗೆ ಬರೆಸಿದವಳು ಇವಳೇ. ಪೆಟ್ಟಿಗೆ ಜಡಿಯುವಾಗ ಪಕ್ಕದಲ್ಲಿ ನಿಂತು, ಜಡಿದ ಮೇಲೆ ಜಗ್ಗಿ ನೋಡಿದವಳೂ ಇವಳೇ. ಮನೆಯವರು ಕೇಳಿಕೊಂಡರೆ ತಮ್ಮವರ ದನಿಯನ್ನು ತಮ್ಮ ಪಟ್ಟಿಗೆ ಹಾಕಿಸಿಕೊಳ್ಳಬಹುದಿತ್ತು, ಹಾಕಿಸಿಕೊಂಡಳು. ಅಂದಿನಿಂದ ಮಧ್ಯಾಹ್ನ ಮೊದಲು ಕೇಳುವುದು ಅಕ್ಕನ ದನಿ. "ಬಂದಿದ್ದರು. ಎಲ್ಲ ಚೆನ್ನಾಗಿದೆ." ಇವಳು 'ಸರಿ' ಒತ್ತುವಳು. ಮೊದಲು ವಾರ ತಪ್ಪದೆ ಹೋಗುತ್ತಿದ್ದವಳು, ದಿನಾ ಒಬ್ಬರು ಬಂದು ಹೋಗುತ್ತಿದ್ದಾರಲ್ಲ ಎಂದು ಒಂದು ವಾರ ಬಿಟ್ಟಳು, ಆಮೇಲೆ ಇನ್ನೊಂದು. ಲಾಂಡ್ರಿಯ ಕೆಲಸಕ್ಕೇನು ಕೊನೆಯೇ?

ಒಂದು ದಿನ ಅಕ್ಕನ ಫೋನು.

"ಕೇಳಿಸ್ತಿದೆಯಾ? ಪುಟ್ಟೀ, ಇಲ್ಲಿಗೆ ಯಾರೂ ಬರ್ತಿಲ್ಲ."

"ಬರ್ತಿದ್ದಾರಲ್ಲಕ್ಕ. ಈಗ ತಾನೇ ಕೇಳಿದೆ. ಬಂದಿದ್ದರು ಅಂತ ನೀನೇ ಹೇಳಿದ್ದೀಯ."

"ನಾನಾ? ನಾನೆಲ್ಲಿ ಹಾಗಂದೆ?"

ಅನುಮಾನದಕ್ಕನಿಗೆ ಅನುಮಾನ ಬಂತು, ನಿಜ. ಆದರೆ ಬಂದದ್ದು ಅಕ್ಕನ ಮೇಲೆ. ವಯಸ್ಸು ಏನು ಕಡಿಮೆಯೇ? ಕಟ್ಟಡದ ಕಾವಲುಗಾರನೂ ಮೊನ್ನೆ ಹೇಳಿದ್ದ, ಅಮ್ಮ ಈಚೆಗೆ ಬಾಗಿಲ ಚಿಲಕ ಹಾಕೋದನ್ನೇ ಮರೀತಾರೆ, ಒಂದು ಕಣ್ಣಿಟ್ಟಿರಿ ಅಂತ. ಮರೆವು ಶುರುವಾಗಿದೆ ಎಂದುಕೊಂಡಳು. ಇನ್ನೂ ಒಂದೆರಡು ಸಲ ಅದೇ ದೂರು ಬಂತು. ಮೂರನೆಯದೋ ನಾಲ್ಕನೆಯದೋ ಸಲ ಕೌಂಟರಿನಲ್ಲಿ ಗಿರಾಕಿ ನಿಂತಿದ್ದ, ಇವಳಿಗೆ ತಾಳ್ಮೆ ಕೆಟ್ಟಿತು.

"ನನಗೆ ಫೋನಲ್ಲಿ ಹೇಳಿದ್ರೆ ಏನು ಪ್ರಯೋಜನ ಅಕ್ಕ? ಪೆಟ್ಟಿಗೆಗೆ ಹೇಳು. ಅಲ್ಲಿ ಹೇಳಿದ್ದೇ ಲೆಕ್ಕ. ನಾನಲ್ಲಿ ಕೇಳಿಸ್ಕೊಳ್ತೀನಿ."

"ಆಯ್ತು" ಎಂದಳು ಅಕ್ಕ. ಆಮೇಲೆ ಅಕ್ಕ ಫೋನಿನಲ್ಲಿ ಆ ಮಾತು ಎತ್ತಲಿಲ್ಲ. ಫೋನೇ ಕಡಿಮೆಯಾಯಿತು. ಮಧ್ಯಾಹ್ನದ ದನಿ ಮಾತ್ರ ತಪ್ಪದೆ ಬಂತು: ಬಂದಿದ್ದರು, ಎಲ್ಲ ಚೆನ್ನಾಗಿದೆ. ಹೇಳಿದ್ದಕ್ಕೆ ದಾರಿಗೆ ಬಂದಳು ಎಂದುಕೊಂಡು ಇವಳು 'ಸರಿ' ಒತ್ತುತ್ತ ಹೋದಳು. ಹಾಲಿನವನಿಂದ ಹಿಡಿದು ಗಂಡನ ತನಕ ಯಾರನ್ನೂ ನಂಬದವಳು ಆ ಪೆಟ್ಟಿಗೆಯನ್ನು ನಂಬಿದಳು, ಯಾಕೆಂದರೆ ಅದನ್ನು ಕಾಯುತ್ತಿದ್ದವಳು ತಾನೇ ಅಲ್ಲವೇ.

ಅಕ್ಕ ತೀರಿಹೋದ ಸುದ್ದಿ ಕಾವಲುಗಾರನಿಂದ ಬಂತು. ಬಾಗಿಲು ತಳ್ಳಿದರೆ ತೆರೆದುಕೊಂಡಿತಂತೆ. ಅಕ್ಕ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ, ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು, ತಲೆಯನ್ನು ಗೋಡೆಗೆ ಒರಗಿಸಿ ಕೂತಿದ್ದಳು. ನಿದ್ದೆಯಲ್ಲೇ ಎದೆ ನಿಂತಿದೆ ಎಂದರು ಡಾಕ್ಟರು. ಮುಂದಿನದೆಲ್ಲ ಮುಗಿಯಿತು. ಸಾವನ್ನು ಬರೆಸಬೇಕಾದ ಕಚೇರಿಯಲ್ಲಿ ಬರೆಸಿ, ರಸೀದಿಯನ್ನು ಎರಡು ಸಲ ಓದಿ, ಮಡಿಸಿ ಒಳಗಿಟ್ಟಳು. ಕೆಲವು ವಾರ ಫೋನಿನ ಆ ಪಟ್ಟಿಯನ್ನು ತೆರೆಯುವ ಧೈರ್ಯ ಬರಲಿಲ್ಲ.

ತೆರೆದದ್ದು ಒಂದು ಮಧ್ಯಾಹ್ನ. ಹೊರಗೆ ಬಿಸಿಲು ಬಿಳಿಚಿಕೊಂಡು ಬಿದ್ದಿತ್ತು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಡ್ರಮ್ಮು ತಿರುಗುತ್ತಿತ್ತು, ಯಾರದೋ ಬಿಳಿ ಅಂಗಿಯ ತೋಳು ಗಾಜಿಗೆ ಬಂದು ಬಡಿದು ಹೋಗುತ್ತಿತ್ತು. ಪಟ್ಟಿಯ ಮೇಲ್ತುದಿಯಲ್ಲಿ ಅಕ್ಕನ ಮನೆಯ ನಂಬರು. ಅದರ ಮುಂದೆ ಅವತ್ತಿನ ತಾರೀಖು.

ಹಳೆಯದು ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಒತ್ತಿದಳು.

"ಬಂದಿದ್ದರು. ಸ್ವಲ್ಪ ನೆಗಡಿ ಇದೆ. ಎಲ್ಲ ಚೆನ್ನಾಗಿದೆ."

ಅಕ್ಕನದೇ ದನಿ. ಮುಂದಿನ ಹಲ್ಲಿನ ಸಂದಿಯಿಂದ ಬರುತ್ತಿದ್ದ ಆ ಸಣ್ಣ ಸಿಳ್ಳು ಕೂಡ. ಅನುಮಾನದಕ್ಕ ಮತ್ತೊಮ್ಮೆ ಒತ್ತಿ ಕೇಳಿದಳು. ಊಟದ ಡಬ್ಬಿ ತಂದ ಗಂಡನಿಗೆ ಕೇಳಿಸಿದಳು.

"ಹಳೇದಿರ್ಬೇಕು, ಬಿಡು."

"ತಾರೀಖು ನೋಡಿ."

ಗಂಡ ನೋಡಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ದೂರ ತಳ್ಳಿದ, ಕುದಿಯುವ ಪಾತ್ರೆ ಮುಟ್ಟಿದವನ ಹಾಗೆ.

ಮರುದಿನ ಮತ್ತೆ ಬಂತು. "ಬಂದಿದ್ದರು. ನೆಗಡಿ ಕಮ್ಮಿ ಆಗಿದೆ." ಅದರ ಮರುದಿನ, "ಬಂದಿದ್ದರು. ತಲೆ ಸ್ನಾನ ಮಾಡಿಸಿದರು. ಹಗುರಾಗಿದೆ." ಸತ್ತವಳ ನೆಗಡಿ ಗುಣವಾಗುತ್ತಿತ್ತು. ಆ ತಲೆಯನ್ನು ಬೂದಿಯಾಗುವ ತನಕ ನಿಂತು ನೋಡಿದವಳು ಇವಳು. ಈಗ ಅದಕ್ಕೆ ಯಾರೋ ನೀರು ಹಾಕುತ್ತಿದ್ದಾರೆ.

ನಿಜ ಹೇಳಬೇಕೆಂದರೆ ಅವಳು ತಕ್ಷಣ 'ಸಂದೇಹ' ಒತ್ತಲಿಲ್ಲ. ಒತ್ತಿದರೆ ದನಿ ನಿಂತುಹೋದೀತು ಎಂದು ಹೆದರಿದಳು. ಅಕ್ಕನ ದನಿ ಲೋಕದಲ್ಲಿ ಇನ್ನೆಲ್ಲೂ ಉಳಿದಿರಲಿಲ್ಲ; ಇದ್ದದ್ದು ಇಲ್ಲೇ. ದಿನಾ ಮಧ್ಯಾಹ್ನವಾಗುವುದನ್ನು ಕಾಯುವಳು. ಕೇಳುವಾಗ ಏನೋ ಒಂದು ಕಡಿಮೆ ಎನಿಸುವುದು. ಅದೇನೆಂದು ಒಂದು ದಿನ ಯಾರದೋ ಸೀರೆಗೆ ಇಸ್ತ್ರಿ ಹಾಕುವಾಗ ಥಟ್ಟನೆ ಹೊಳೆಯಿತು. ಈ ಅಕ್ಕ ಒಮ್ಮೆಯೂ "ಕೇಳಿಸ್ತಿದೆಯಾ?" ಎನ್ನುವುದಿಲ್ಲ. ಬದುಕಿದ್ದಾಗ ಬಂದ ದನಿಗಳಲ್ಲೂ ಅಂದದ್ದಿಲ್ಲ. ಇಸ್ತ್ರಿ ಕೆಳಗಿದ್ದ ಸೀರೆ ಸುಟ್ಟು ಕಂದಾದದ್ದು ಅವಳಿಗೆ ವಾಸನೆ ಬಂದ ಮೇಲೆ ಗೊತ್ತಾಯಿತು.

ಅಂದೇ 'ಸಂದೇಹ' ಒತ್ತಿದಳು. ಸಂಜೆಯೊಳಗೆ ಉತ್ತರ: ದನಿ ತಾಳೆಯಾಗಿದೆ, ಸಂದೇಹ ಮುಗಿದಿದೆ, ಈ ದನಿಯನ್ನು ನೀವೇ ಹಿಂದೆ ಹಲವು ಸಲ ಸರಿ ಎಂದು ಒಪ್ಪಿದ್ದೀರಿ.

ಮರುದಿನ ಲಾಂಡ್ರಿಗೆ ಬೀಗ ಹಾಕಿ ಅಕ್ಕನ ಮನೆಗೆ ಹೋದಳು. ಬೀಗದ ಕೈ ಇನ್ನೂ ಇವಳ ಬಳಿಯೇ ಇತ್ತು. ಬಾಗಿಲು ತೆರೆದರೆ ಮುಚ್ಚಿದ ಮನೆಯ ವಾಸನೆ. ನೆಲದ ಮೇಲೆ ಧೂಳು ಒಂದೇ ಸಮ ಕೂತಿತ್ತು. ಅದರ ಮೇಲೆ ಮೂಡಿದ್ದು ಇವಳ ಹೆಜ್ಜೆ ಮಾತ್ರ. ಸ್ನಾನದ ಮನೆಯ ಬಕೆಟ್ಟು ಬೋರಲು ಬಿದ್ದು ಒಣಗಿತ್ತು. ಕುರ್ಚಿ ಬಾಗಿಲ ಹತ್ತಿರ ಹಾಗೆಯೇ ಇತ್ತು. ಗೋಡೆಗೆ ಅಕ್ಕನ ತಲೆ ಒರಗುತ್ತಿದ್ದ ಕಡೆ ಎಣ್ಣೆಯ ಸಣ್ಣ ಕಲೆ. ಒಂದು ದಿನ ಒರಗಿದ್ದಕ್ಕೆ ಆಗುವ ಕಲೆಯಲ್ಲ ಅದು. ಅದರ ಪಕ್ಕದಲ್ಲೇ ಪೆಟ್ಟಿಗೆ. ಇವಳು ಹತ್ತಿರ ಹೋದದ್ದೇ ತಡ, ಅದರ ಹಸಿರು ದೀಪ ಹೊತ್ತಿಕೊಂಡಿತು, ಇಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದವರು ಎಚ್ಚತ್ತ ಹಾಗೆ.

ಗುಂಡಿ ಒತ್ತಿದಳು. ಗಂಟಲು ಒಣಗಿತ್ತು.

"ಯಾರೂ ಬಂದಿಲ್ಲ. ಈ ಮನೇಲಿ ಯಾರೂ ಇಲ್ಲ. ನನ್ನ ಅಕ್ಕ ತೀರ್ಕೊಂಡಿದ್ದಾಳೆ."

ಪೆಟ್ಟಿಗೆ ಟಿಣ್ ಎಂದಿತು. ಬಾಗಿಲು ಎಳೆದುಕೊಂಡು, ಬೀಗ ಜಗ್ಗಿ ನೋಡುವುದನ್ನೂ ಮರೆತು ಇಳಿದಳು. ಬಸ್ಸಿನಲ್ಲಿ ಕೂತಾಗ ಫೋನು ಅದುರಿತು. ಅಕ್ಕನ ಮನೆಯ ನಂಬರು, ಹೊಸ ದನಿ. ಕಿವಿಗೆ ಇಟ್ಟುಕೊಂಡಳು.

"ಬಂದಿದ್ದರು. ಎಲ್ಲ ಚೆನ್ನಾಗಿದೆ."

ಈ ಸಲ ಅಕ್ಕನ ದನಿಯಲ್ಲ. ಅವಳದೇ ದನಿ. ಗಂಟಲು ಒಣಗಿದ ಕರಕರಿಯೂ ಸೇರಿದಂತೆ ಅವಳದೇ. ಆದರೆ ಜನ್ಮದಲ್ಲಿ ಎಂದೂ ಅವಳು ಅಷ್ಟು ಸಮಾಧಾನದಿಂದ ಮಾತಾಡಿರಲಿಲ್ಲ. ಮತ್ತೆ ಕೇಳಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಇವಳ ಮುಖ ನೋಡಿ ಸರಿದು ಕೂತಳು.

ಮನೆಗೆ ಬಂದಾಗ ಗಂಡ ಕೇಳಿದ, "ಹೋಗಿದ್ದೆಯಾ? ಹೇಗಿದೆ ಮನೆ?" ಉತ್ತರಿಸಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಬಾಯಿಂದ ಏನು ಬಂದೀತೋ ಎಂದು ಹೆದರಿಕೆ. ಎಲ್ಲ ಚೆನ್ನಾಗಿದೆ ಎಂದುಬಿಟ್ಟರೆ? ಒಲೆಯ ಮುಂದೆ ನಿಂತು ಮೆಲ್ಲಗೆ ತನ್ನಷ್ಟಕ್ಕೆ "ಯಾರೂ ಬಂದಿಲ್ಲ, ಯಾರೂ ಬಂದಿಲ್ಲ" ಎಂದು ಹೇಳಿಕೊಂಡು, ತನ್ನ ನಾಲಿಗೆ ಇನ್ನೂ ತನ್ನದೇ ಎಂದು ಖಾತ್ರಿ ಮಾಡಿಕೊಂಡಳು. ಹೇಳಿಕೊಳ್ಳುತ್ತಿದ್ದ ಹಾಗೆಯೇ ಎದೆಗೆ ಕಲ್ಲು ಬಿದ್ದಂತೆ ಇನ್ನೊಂದು ಅರ್ಥವಾಯಿತು. ಅಕ್ಕನೂ ಇದನ್ನೇ ಹೇಳಿದ್ದಳು. ಪೆಟ್ಟಿಗೆಗೆ ಹೇಳು ಎಂದು ಇವಳು ಗದರಿದ ಮೇಲೆ ದಿನಾ ಹೇಳಿದ್ದಳು. ಇವಳ ಕಿವಿಗೆ ಬಂದದ್ದು ಬೇರೆ. ಅದಕ್ಕೆ ಇವಳು ದಿನಾ 'ಸರಿ' ಒತ್ತಿದ್ದಳು.

ಆ ತಿಂಗಳ ಸಾರ್ವಜನಿಕ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಸರ್ಕಾರದ ಖರ್ಚಿನ ಬಗ್ಗೆ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಾದ ಸಭೆ ಅದು. ಗಂಡನ ಚೀಲದಲ್ಲಿ, ಸ್ಕ್ರೂ ಬಿಚ್ಚಿ ತಂದ ಬಿಳಿ ಪೆಟ್ಟಿಗೆ. ವೇದಿಕೆಯ ಮೇಲೆ ಇದ್ದವಳು ಖರ್ಚಿನ ಅಧಿಕಾರಿ, ಕನ್ನಡಕದ ಹೆಂಗಸು. ಕೆಟ್ಟವಳೇನಲ್ಲ. ಈ ವ್ಯವಸ್ಥೆಯನ್ನು ಹಟ ಹಿಡಿದು ತಂದವಳು, ಅದನ್ನು ಮಗುವಿನಷ್ಟು ಜೋಪಾನ ಮಾಡಿದವಳು.

"ನಿಮ್ಮ ದೂರು ನೋಡಿದೀನಿ ಅಮ್ಮ. ದನಿ ತಾಳೆ ಆಗಿದೆ" ಎಂದಳು.

"ತಾಳೆ ಆಗತ್ತೆ ಮೇಡಂ. ನನ್ನದೂ ಆಗತ್ತೆ, ನೋಡಿ." ಅನುಮಾನದಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಒಳಗೆ ಬ್ಯಾಟರಿ, ಸಿಮ್ಮು ಎಲ್ಲ ಇದ್ದುದರಿಂದ ಗೋಡೆ ಬಿಟ್ಟರೂ ಅದಕ್ಕೆ ಜೀವ ಹೋಗಿರಲಿಲ್ಲ. ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ಹೇಳಿದಳು: "ನನ್ನ ಅಕ್ಕ ಸತ್ತಿದ್ದಾಳೆ. ಅವಳು ಬದುಕಿದ್ದಾಗಲೂ ಯಾರೂ ಬರಲಿಲ್ಲ."

ಟಿಣ್ ಎಂದಿತು. ಸಭೆ ಕಾಯಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆ ಮನೆಯ ನಂಬರು ಮೂಡಿತು. ಅಧಿಕಾರಿ ತಾನೇ ಒತ್ತಿದಳು. ನಾಲ್ಕು ಮೂಲೆಯ ಸ್ಪೀಕರುಗಳಿಂದ ಅನುಮಾನದಕ್ಕನ ತೃಪ್ತಿಯ ದನಿ ಬಂತು: "ಬಂದಿದ್ದರು. ಎಲ್ಲ ಚೆನ್ನಾಗಿದೆ." ನಿಜವಾದ ಅನುಮಾನದಕ್ಕ ವೇದಿಕೆಯ ಕೆಳಗೆ ತುಟಿ ಬಿಗಿದು ನಿಂತಿದ್ದಳು.

ಯಾರೂ ಕೂಗಾಡಲಿಲ್ಲ. ಮೂರನೇ ಸಾಲಿನಲ್ಲಿದ್ದ ಒಬ್ಬಾತ ಮೆಲ್ಲಗೆ ಫೋನು ತೆಗೆದು ತನ್ನ ತಂದೆಯ ದನಿ ಹಾಕಿಕೊಂಡ. ಅವನ ಹಿಂದಿನವಳು ತನ್ನ ಅತ್ತೆಯದನ್ನು. ಹಾಗೇ ಒಬ್ಬೊಬ್ಬರು. ಆ ದೊಡ್ಡ ಕೋಣೆಯ ತುಂಬ, ಜೇಬುಗಳಿಂದ, ಅಂಗೈಗಳಿಂದ, ಕಾಣದ ಮುದುಕರ ಸಣ್ಣ ಸಣ್ಣ ದನಿಗಳು ಎದ್ದವು. ಬಂದಿದ್ದರು, ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ, ಬಂದಿದ್ದರು. ಅಧಿಕಾರಿ ಕನ್ನಡಕ ತೆಗೆದು ಎರಡೂ ಕಿವಿ ಮುಚ್ಚಿಕೊಂಡಳು.

ಸರ್ಕಾರದ ತಂತ್ರಜ್ಞನನ್ನು ಕರೆಸಿ ಅಲ್ಲೇ ಪೆಟ್ಟಿಗೆ ಬಿಚ್ಚಿಸಿದರು. ಅವನು ತನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಬಹಳ ಹೊತ್ತು ನೋಡಿದ.

"ಇದು ನಾವು ಹೇಳಿದ್ದನ್ನ ಕಳಿಸಲ್ಲ ಮೇಡಂ. ದನಿಯ ಅಚ್ಚು ಮಾತ್ರ ಇಟ್ಕೊಂಡು, ಮಾತನ್ನ ತಾನೇ ತಯಾರು ಮಾಡತ್ತೆ. ಯಾರೂ ಗುಂಡಿ ಒತ್ತದೆ ಇದ್ರೂ ಮಧ್ಯಾಹ್ನ ಆದ್ರೆ ಒಂದು ಕಳಿಸಿಬಿಡತ್ತೆ."

"ಹಾಗಾದ್ರೆ ಅಕ್ಕ ನಿಜವಾಗಿ ಹೇಳಿದ್ದೆಲ್ಲ?" ಎಂದಳು ಅನುಮಾನದಕ್ಕ.

"ಅಳಿಸಿಹೋಗಿದೆ ಅಮ್ಮ." ಅವನು ತಡೆದ. "ಅಚ್ಚಿಗೆ ಬೇಕಲ್ಲ, ಅದಕ್ಕೆ ಒಬ್ಬೊಬ್ಬರದು ಕೊನೆಯದೊಂದು ಹಾಗೇ ಉಳಿಸ್ಕೊಂಡಿದೆ. ಅವರದೂ ಒಂದಿದೆ. ಹಾಕಲಾ?"

ಅವಳು ತಲೆಯಾಡಿಸಿದಳು. ಮೊದಲು ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಏದುಸಿರು.

"ಕೇಳಿಸ್ತಿದೆಯಾ? ಪುಟ್ಟೀ, ಇವತ್ತೂ ಯಾರೂ ಬಂದಿಲ್ಲ. ಪೆಟ್ಟಿಗೆಗೆ ಹೇಳು ಅಂದೆಯಲ್ಲ, ದಿನಾ ಹೇಳ್ತಾ ಇದ್ದೀನಿ. ನಿನಗೆ ಅಂಗಡಿ ಕೆಲಸ ಇರತ್ತೆ, ಗೊತ್ತು. ಬಿಡುವಾದಾಗ ಬಾ. ನನಗೆ ಈಗ ಬೇಗ ಎದ್ದು ಬಾಗಿಲು ತೆಗೆಯೋಕೆ ಆಗ್ತಿಲ್ಲ. ನೀನು ಬಡಿದು ಬಡಿದು ವಾಪಸ್ ಹೋಗಿಬಿಟ್ಟೀಯ ಅಂತ ಚಿಲಕ ಹಾಕ್ತಿಲ್ಲ. ಸುಮ್ನೆ ತಳ್ಳಿ ಒಳಗೆ ಬಾ. ಕೇಳಿಸ್ತಿದೆಯಾ?"

ಮಾತು ಮುಗಿಯಿತು, ದನಿ ಮುಗಿಯಲಿಲ್ಲ. ಅಕ್ಕ ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ಉಸಿರು ಕೇಳುತ್ತಿತ್ತು, ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಆಯುಷ್ಯವೆಲ್ಲ ಮಾಡಿದ ಹಾಗೆ ಅವಳು ಆ ಕಡೆಯಿಂದ ಉತ್ತರ ಬರಲೆಂದು ಕಾಯುತ್ತಿದ್ದಳು. ಪೆಟ್ಟಿಗೆಯಲ್ಲಿ ಜಾಗ ತುಂಬಿ ತಾನಾಗಿ ನಿಲ್ಲುವ ತನಕ ಕಾದಿದ್ದಳು. ಅನುಮಾನದಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಕಂಪನಿಯ ಗುತ್ತಿಗೆ ಹೋಯಿತು, ಪೆಟ್ಟಿಗೆಗಳನ್ನು ಕಿತ್ತರು. ಕೇಳುಗರು ಈಗ ಫೋನು ಹಿಡಿದು ಕೂರುವುದಿಲ್ಲ. ಸರದಿಯ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ, ಬಾಗಿಲು ತಟ್ಟಿ, ಮುಖ ನೋಡಿ ಬರುತ್ತಾರೆ. ಅನುಮಾನದಕ್ಕ ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗುತ್ತಾಳೆ. ಚಿಲಕ ಹಾಕದ ಮನೆ ಕಂಡರೆ ಆ ಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಾಳೆ.

ಆದರೆ ಒಂದು ಬಾಕಿ ಉಳಿದಿದೆ. ಅಂದು ತಂತ್ರಜ್ಞ ಅಕ್ಕನ ಆ ಕೊನೆಯ ದನಿಯನ್ನು ಸಾಕ್ಷಿಗೆಂದು ಸರ್ಕಾರದ ಪಟ್ಟಿಗೆ ಏರಿಸಿದ್ದ. ಏರಿಸಿದ ಮೇಲೆ ಅದು ಉಳಿದೆಲ್ಲ ದನಿಗಳ ಹಾಗೆಯೇ ಇವಳ ಫೋನಿಗೆ ಬಂತು, ಕೆಳಗೆ ಅವೇ ಎರಡು ಗುಂಡಿಗಳೊಂದಿಗೆ. 'ಸರಿ' ಒತ್ತಿದರೆ ಆ ದಿನ ಯಾರೋ ಬಂದು ಹೋದರೆಂದು ಲೆಕ್ಕ. 'ಸಂದೇಹ' ಒತ್ತಿದರೆ ಅಕ್ಕ ಸುಳ್ಳು ಹೇಳಿದಳೆಂದು ಲೆಕ್ಕ. ಒತ್ತುವ ತನಕ ಅದು ಪಟ್ಟಿಯಿಂದ ಇಳಿಯುವುದಿಲ್ಲ, ದಿನಾ ಮಧ್ಯಾಹ್ನ ಮೇಲಕ್ಕೆ ಬಂದು ನಿಲ್ಲುತ್ತದೆ.

ಅವಳು ಎರಡನ್ನೂ ಒತ್ತಿಲ್ಲ. ಡ್ರಮ್ಮು ತಿರುಗುತ್ತಿರುವಾಗ ಅದನ್ನು ಕಿವಿಗಿಟ್ಟುಕೊಂಡು ಪೂರ್ತಿ ಕೇಳುತ್ತಾಳೆ. ಮಾತು ಮುಗಿದು ಉಸಿರು ಮಾತ್ರ ಉಳಿದಾಗ, ಕೌಂಟರಿನಲ್ಲಿ ಯಾರೇ ನಿಂತಿರಲಿ, ಗಟ್ಟಿಯಾಗಿ "ಕೇಳಿಸ್ತು ಅಕ್ಕ" ಎನ್ನುತ್ತಾಳೆ. ಅಷ್ಟಾದರೂ ಅಕ್ಕ ಫೋನು ಇಡುವುದಿಲ್ಲ. ಕಾಯುತ್ತಲೇ ಇರುತ್ತಾಳೆ.